ದುರ್ಗೆಗೆ ಆಯುಧ ಕೊಟ್ಟವರು ಯಾರು?

ಎಲ್ಲೋ ಒಂದು ಕಡೆ ಹೆಣ್ಣುಮಗಳಿಗೆ ಅನ್ಯಾಯವಾದ ಸುದ್ದಿ ಬಂದರೆ ಸಾಕು, ನಮ್ಮ ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಚಿತ್ರ ಓಡಾಡಲು ಶುರುವಾಗುತ್ತದೆ. ಸಿಂಹದ ಮೇಲೆ ಕೂತ ದುರ್ಗೆ, ಕೈಯಲ್ಲಿ ತ್ರಿಶೂಲ, ಕಾಲ ಕೆಳಗೆ ರಾಕ್ಷಸ. ಜೊತೆಗೊಂದು ಸಾಲು: ಪ್ರತಿಯೊಬ್ಬ ಹೆಣ್ಣೂ ದುರ್ಗೆಯಾಗಬೇಕು. ಅದಕ್ಕೆ ಒಂದಿಷ್ಟು ಜನ ಕೈಮುಗಿಯುವ ಗುರುತು ಹಾಕುತ್ತಾರೆ. ಮರುದಿನ ಅದೇ ಗುಂಪಿನಲ್ಲಿ ಈರುಳ್ಳಿ ರೇಟು, ಕ್ರಿಕೆಟ್ ಸ್ಕೋರು.

ಆ ಸಾಲಿನ ಬಗ್ಗೆ ನನಗೊಂದು ತಕರಾರಿದೆ. ಅದನ್ನು ಹೇಳಲು ಎರಡು ಕಾಮಿಕ್ಸ್ ಪುಸ್ತಕಗಳ ಕಥೆ ಹೇಳಬೇಕು. ಕಾಮಿಕ್ಸ್ ಎಂದರೆ ಮಕ್ಕಳಾಟ ಎಂದು ಮೂಗು ಮುರಿಯಬೇಡಿ. ಚಿತ್ರದಲ್ಲಿ ಕಥೆ ಹೇಳುವುದು ನಮಗೇನೂ ಹೊಸದಲ್ಲ. ಬಿಳಿ ಪರದೆಯ ಹಿಂದೆ ದೀಪ ಇಟ್ಟು ತೊಗಲು ಗೊಂಬೆ ಆಡಿಸಿದ ನಾಡು ನಮ್ಮದು. ರಾಮ, ರಾವಣ, ದೇವಿ, ದೈತ್ಯ ಎಲ್ಲರನ್ನೂ ನಮ್ಮ ಅಜ್ಜಂದಿರು ಮೊದಲು ನೋಡಿದ್ದು ಆ ಪರದೆಯ ಮೇಲೆಯೇ. ಆಮೇಲೆ ಅಮರ ಚಿತ್ರ ಕಥೆ ಬಂತು. 1967ರಲ್ಲಿ ಅದನ್ನು ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲೇ ಹುಟ್ಟಿದವರು. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ನೇತು ಹಾಕಿರುತ್ತಿದ್ದ ಆ ತೆಳ್ಳನೆ ಪುಸ್ತಕಗಳಿಂದ ಪುರಾಣ ಕಲಿತವರು ನಮ್ಮಲ್ಲಿ ಎಷ್ಟೋ ಮಂದಿ.

ಮೊದಲನೆಯ ಪುಸ್ತಕದ ಹೆಸರು 'ದೇವಿ'. 2006ರಲ್ಲಿ ವರ್ಜಿನ್ ಕಾಮಿಕ್ಸ್ ಎಂಬ ಕಂಪನಿ ಇದನ್ನು ಇಂಗ್ಲಿಷಿನಲ್ಲಿ ತಂದಿತು. ಕಥೆಯ ಕಲ್ಪನೆ ಸಿನಿಮಾ ನಿರ್ದೇಶಕ ಶೇಖರ್ ಕಪೂರ್ ಅವರದು. ಕಂಪನಿಯ ಒಂದು ಕಾಲು ನ್ಯೂಯಾರ್ಕಿನಲ್ಲಿ, ಇನ್ನೊಂದು ಕಾಲು ನಮ್ಮ ಬೆಂಗಳೂರಿನಲ್ಲಿ. ಕಥೆ ಹೀಗಿದೆ: ಬಹಳ ಹಿಂದೆ ಬಾಲ ಎಂಬ ದೇವರು ತನ್ನವರ ವಿರುದ್ಧವೇ ತಿರುಗಿ ಬೀಳುತ್ತಾನೆ. ಅವನನ್ನು ಹತ್ತಿಕ್ಕಲು ದೇವತೆಗಳೆಲ್ಲ ಸೇರಿ ಒಬ್ಬ ದೇವಿಯನ್ನು ಸೃಷ್ಟಿಸುತ್ತಾರೆ. ನಮ್ಮ ಕಾಲದಲ್ಲಿ ಬಾಲ ಮತ್ತೆ ತಲೆ ಎತ್ತುತ್ತಾನೆ. ಆಗ ತಾರಾ ಮೆಹ್ತಾ ಎಂಬ ನಗರದ ಹುಡುಗಿಯ ಮೈಯಲ್ಲಿ ದೇವಿ ಎಚ್ಚರಗೊಳ್ಳುತ್ತಾಳೆ. ಆಮೇಲೆ ಯುದ್ಧವೋ ಯುದ್ಧ. ಚಿತ್ರಗಳು ಕಣ್ಣು ಕುಕ್ಕುವಂತಿವೆ. ಬೆಂಕಿ, ಕತ್ತಿ, ಹಾರಾಟ, ಒಂದು ಹಾಲಿವುಡ್ ಸಿನಿಮಾಕ್ಕೆ ಬೇಕಾದ್ದೆಲ್ಲ ಇದೆ. 2008ರಲ್ಲಿ ಕಂಪನಿ ನ್ಯೂಯಾರ್ಕ್ ಕಚೇರಿ ಮುಚ್ಚಿತು, ಆಮೇಲೆ ಲಿಕ್ವಿಡ್ ಕಾಮಿಕ್ಸ್ ಎಂದು ಹೆಸರು ಬದಲಿಸಿಕೊಂಡಿತು.

ಎರಡನೆಯದು 'ಪ್ರಿಯಾಸ್ ಶಕ್ತಿ', ಅಂದರೆ ಪ್ರಿಯಾಳ ಶಕ್ತಿ. ಇದು ಬಂದಿದ್ದು 2014ರ ಡಿಸೆಂಬರಿನಲ್ಲಿ. ಇದರ ಹುಟ್ಟಿಗೆ ಕಾರಣ ನಿಮಗೆಲ್ಲ ಗೊತ್ತಿರುವ ಘಟನೆ. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರ. ಆಗ ಜನ ಬೀದಿಗಿಳಿದಿದ್ದರು. ಆ ಪ್ರತಿಭಟನೆಗಳ ನಡುವೆ ಇದ್ದ ರಾಮ್ ದೇವಿನೇನಿ ಎಂಬ ಸಿನಿಮಾ ನಿರ್ಮಾಪಕರು ಒಬ್ಬ ಪೊಲೀಸ್ ಅಧಿಕಾರಿಯನ್ನು ಮಾತಾಡಿಸಿದರಂತೆ. ಒಳ್ಳೆ ಮನೆತನದ ಹುಡುಗಿ ರಾತ್ರಿ ಒಬ್ಬಳೇ ಓಡಾಡುವುದಿಲ್ಲ ಎಂಬ ಅರ್ಥದ ಉತ್ತರ ಬಂತು. ಕಾನೂನು ಬದಲಾದರೆ ಸಾಲದು, ಈ ಮಾತು ಬದಲಾಗಬೇಕು ಅನ್ನಿಸಿ ಅವರು ಕಾಮಿಕ್ಸ್ ಮಾಡಲು ಹೊರಟರು. ಚಿತ್ರ ಬರೆದವರು ಡ್ಯಾನ್ ಗೋಲ್ಡ್‌ಮನ್.

ಇಲ್ಲಿ ನಾಯಕಿ ನಗರದವಳಲ್ಲ. ಪ್ರಿಯಾ ಹಳ್ಳಿ ಹುಡುಗಿ, ಪಾರ್ವತಿಯ ಭಕ್ತೆ. ಟೀಚರ್ ಆಗಬೇಕೆಂದು ಅವಳ ಆಸೆ. ಅಪ್ಪ ಶಾಲೆ ಬಿಡಿಸುತ್ತಾನೆ. ಮುಂದೆ ಅವಳ ಮೇಲೆ ಅತ್ಯಾಚಾರ ನಡೆಯುತ್ತದೆ. ಮನೆಯವರಿಗೆ ಹೇಳಿಕೊಂಡರೆ ತಪ್ಪು ಅವಳದೇ ಎಂದು ಹೊರಗೆ ಹಾಕುತ್ತಾರೆ. ಅವಳು ಕಾಡು ಸೇರುತ್ತಾಳೆ. ಅಲ್ಲಿ ಹುಲಿಯೊಂದು ಅವಳ ಬೆನ್ನು ಹತ್ತುತ್ತದೆ. ಅವಳು ಹೆದರಿ ಓಡುವುದನ್ನು ಬಿಟ್ಟು ಅದನ್ನು ಎದುರಿಸಿ ನಿಲ್ಲುತ್ತಾಳೆ, ಹುಲಿ ಅವಳ ವಾಹನವಾಗುತ್ತದೆ. ಪಾರ್ವತಿಯ ಬೆಂಬಲದೊಂದಿಗೆ ಅದೇ ಹುಲಿಯ ಮೇಲೆ ಕೂತು ಊರಿಗೆ ವಾಪಸ್ ಬರುತ್ತಾಳೆ.

ಊರಿಗೆ ಬಂದು ಅವಳು ಯಾರ ರುಂಡವನ್ನೂ ಕತ್ತರಿಸುವುದಿಲ್ಲ. ಮಾತಾಡುತ್ತಾಳೆ. ನಾಚಿಕೆ ಬಿಟ್ಟು ಹೇಳಿಕೊಳ್ಳಿ, ಗಂಡು ಹೆಣ್ಣು ಇಬ್ಬರನ್ನೂ ಸಮನಾಗಿ ಓದಿಸಿ, ನನ್ನ ಜೊತೆ ನಿಲ್ಲಿ ಎಂಬುದು ಅವಳ ಸಂದೇಶದ ಸಾರ. 2014ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗ ಈ ಬಣ್ಣದ ಚಿತ್ರದ ಹುಡುಗಿಯನ್ನು ಲಿಂಗ ಸಮಾನತೆಯ ಚಾಂಪಿಯನ್ ಎಂದು ಹೆಸರಿಸಿತು. ಮುಂದಿನ ಪುಸ್ತಕಗಳೂ ಬಂದವು. 2016ರದ್ದು ಆ್ಯಸಿಡ್ ದಾಳಿಗೆ ತುತ್ತಾದವರ ಕಥೆ. ಅದರಲ್ಲಿ ರಾಕ್ಷಸನ ಹೆಸರೇ ಅಹಂಕಾರ. 2019ರದ್ದು ಹೆಣ್ಣುಮಕ್ಕಳ ಸಾಗಾಣಿಕೆಯ ಕಥೆ. ಪುಸ್ತಕದ ಪುಟದ ಮೇಲೆ ಮೊಬೈಲ್ ಹಿಡಿದರೆ ಚಿತ್ರಗಳು ಮಿಸುಕಾಡುವ, ನಿಜವಾಗಿ ನೊಂದ ಹೆಣ್ಣುಮಕ್ಕಳ ಕಥೆ ಕೇಳಿಸುವ ತಂತ್ರವನ್ನೂ ಮಾಡಿದ್ದಾರೆ. ಪುಸ್ತಕವನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆಯಾಗಿ ಓದಲು ಬಿಟ್ಟರು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 'ದೇವಿ'ಯಲ್ಲಿ ಕೆಟ್ಟದ್ದು ಆಕಾಶದಿಂದ ಬರುತ್ತದೆ. ಅದಕ್ಕೊಂದು ಹೆಸರಿದೆ, ಸೈನ್ಯವಿದೆ, ಗುರುತು ಹಿಡಿಯುವುದು ಸುಲಭ. ಅವನನ್ನು ಕೊಂದರೆ ಕಥೆ ಮುಗಿಯಿತು, ಪುಸ್ತಕ ಮಡಚಿ ಆರಾಮಾಗಿ ಮಲಗಬಹುದು. 'ಪ್ರಿಯಾಸ್ ಶಕ್ತಿ'ಯಲ್ಲಿ ಕೆಟ್ಟದ್ದು ಮನೆಯ ಜಗಲಿ ಮೇಲೆ ಕೂತಿದೆ. ಶಾಲೆ ಬಿಡಿಸಿದ ಅಪ್ಪ, ಬಾಯಿ ಮುಚ್ಚಿಕೊಂಡ ನೆಂಟರು, ತಲೆ ತಗ್ಗಿಸಿದ ಊರು. ಅವರಿಗೆ ಕೋಡಿಲ್ಲ, ಕೋರೆಹಲ್ಲಿಲ್ಲ. ನಮ್ಮ ಹಾಗೇ ಇದ್ದಾರೆ.

ನನಗೆ ಎರಡನೆಯದು ಹೆಚ್ಚು ಇಷ್ಟ. ಕಾರಣ ನನ್ನ ಕೆಲಸ. ತಾಲ್ಲೂಕಿನಿಂದ ತಾಲ್ಲೂಕಿಗೆ ಸುದ್ದಿಗೆ ಓಡಾಡುವ ನನ್ನಂಥವನಿಗೆ ಇಂಥ ಪ್ರಕರಣಗಳಲ್ಲಿ ಮೊದಲು ಕಿವಿಗೆ ಬೀಳುವ ಪ್ರಶ್ನೆ, ಯಾರು ಮಾಡಿದ್ದು ಎಂಬುದಲ್ಲ. ಅಷ್ಟೊತ್ತಲ್ಲಿ ಅವಳು ಅಲ್ಲಿಗೆ ಯಾಕೆ ಹೋಗಿದ್ದಳು? ಯಾವ ಬಟ್ಟೆ ಹಾಕಿದ್ದಳು? ಯಾರ ಮಗಳು? ಯಾವ ಪೈಕಿ? ದೆಹಲಿಯ ಆ ಅಧಿಕಾರಿಯ ಮಾತನ್ನು ನಮ್ಮ ಅರಳಿಕಟ್ಟೆ ಮೇಲೆ ಬೇರೆ ಬೇರೆ ದನಿಯಲ್ಲಿ ಕೇಳಿದ್ದೇನೆ.

ರಾಕ್ಷಸನಿಗೆ ಮುಖ ಕೊಡುವುದರಲ್ಲಿ ಇನ್ನೊಂದು ಅಪಾಯವಿದೆ. ಆ ಮುಖ ಯಾವಾಗಲೂ ಪಕ್ಕದ ಕೇರಿಯವನದೇ ಆಗಿಬಿಡುತ್ತದೆ. ಬೇರೆ ಜಾತಿಯವನು, ಬೇರೆ ಧರ್ಮದವನು, ಬೇರೆ ರಾಜ್ಯದಿಂದ ಕೂಲಿಗೆ ಬಂದವನು. ಮಹಿಷನನ್ನು ಅಸುರ ಅನ್ನದೆ ತಮ್ಮ ಅರಸ ಎಂದು ಗೌರವಿಸುವ ಜನ ನಮ್ಮ ಮೈಸೂರಿನಲ್ಲೇ ಇದ್ದಾರೆ. ಒಬ್ಬರ ರಾಕ್ಷಸ ಇನ್ನೊಬ್ಬರ ಹಿರಿಯ. ಆ ಜಗಳವನ್ನು ನಾನಿಲ್ಲಿ ತೀರ್ಮಾನ ಮಾಡಲು ಹೊರಟಿಲ್ಲ. ಆದರೆ ರಾಕ್ಷಸನಿಗೆ ಅಹಂಕಾರ ಎಂದು ಹೆಸರಿಟ್ಟರೆ ಅವನು ಯಾವ ಕೇರಿಯವನು ಎಂದು ಹುಡುಕಿ ಹೋಗುವ ಹಾಗಿಲ್ಲ. ಪ್ರತಿಯೊಬ್ಬನೂ ತನ್ನ ಮನೆಯಲ್ಲೇ ಹುಡುಕಬೇಕು. ಈ ವಿಚಾರದಲ್ಲಿ ಆ ಕಾಮಿಕ್ಸ್ ಮಾಡಿದವರು ಜಾಣರು.

ಹಾಗಂತ ಪ್ರಿಯಾಳ ಕಥೆಯನ್ನು ಪೂರಾ ಒಪ್ಪಿಕೊಂಡಿದ್ದೇನೆ ಅಂದುಕೊಳ್ಳಬೇಡಿ. ಹುಲಿಯ ಜಾಗದಲ್ಲಿ ನನಗೆ ಕಾಲು ಎಡವುತ್ತದೆ. ಮನೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿಗೆ ಪಾರ್ವತಿ ಕಾಣಿಸಿಕೊಂಡಳು, ಹುಲಿ ಸಿಕ್ಕಿತು. ಸಿಗದಿದ್ದವರ ಗತಿ ಏನು? ಕೊನೆಗೂ ನೊಂದವಳೇ ಧೈರ್ಯ ಮಾಡಬೇಕು, ನೊಂದವಳೇ ವಾಪಸ್ ಬರಬೇಕು, ನೊಂದವಳೇ ಊರಿಗೆ ಬುದ್ಧಿ ಹೇಳಬೇಕು ಅಂದ ಹಾಗಾಯಿತಲ್ಲ? ವಾಟ್ಸ್ಆ್ಯಪ್ ಚಿತ್ರದ ಸಾಲೂ ಇದನ್ನೇ ಹೇಳುತ್ತದೆ. ನೀನು ದುರ್ಗೆಯಾಗು, ನಾವು ಕೈಮುಗಿಯುತ್ತೇವೆ.

ಈ ಪ್ರಶ್ನೆಗೆ ಉತ್ತರ ಯಾವ ಕಾಮಿಕ್ಸಿನಲ್ಲೂ ಹುಡುಕಬೇಕಿಲ್ಲ. ಮೂಲ ಕಥೆಯಲ್ಲೇ ಇದೆ. ದೇವಿ ಮಹಾತ್ಮೆ ಮಾರ್ಕಂಡೇಯ ಪುರಾಣದ ಭಾಗ. 13 ಅಧ್ಯಾಯ, 700 ಮಂತ್ರಗಳು ಎಂದು ಲೆಕ್ಕ. ಕರಾವಳಿಯ ಕಡೆಯವರು ಇದನ್ನು ಯಕ್ಷಗಾನದಲ್ಲಿ ರಾತ್ರಿಯಿಡೀ ನೋಡಿರುತ್ತೀರಿ. ದೊಂದಿಗಳ ಬೆಳಕಿನಲ್ಲಿ ಜನರ ನಡುವಿನಿಂದ ಕೂಗುತ್ತ ನುಗ್ಗಿ ಬರುವ ಮಹಿಷಾಸುರನನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆದರೆ ಮಹಿಷನ ಪ್ರವೇಶ ನೆನಪಿಟ್ಟುಕೊಂಡ ನಾವು, ಅದಕ್ಕೂ ಮೊದಲು ನಡೆದದ್ದನ್ನು ಮರೆಯುತ್ತೇವೆ.

ಮಹಿಷ ಸ್ವರ್ಗವನ್ನು ಗೆದ್ದ ಮೇಲೆ ದೇವತೆಗಳೆಲ್ಲ ಸೋತು ಸುಣ್ಣವಾಗಿ ಹರಿ ಹರರ ಬಳಿ ಹೋಗುತ್ತಾರೆ. ಎಲ್ಲರ ಮುಖದಿಂದ ಸಿಟ್ಟು ಬೆಳಕಾಗಿ ಹೊರಬರುತ್ತದೆ. ಆ ಬೆಳಕೆಲ್ಲ ಒಂದಾಗಿ ಹೆಣ್ಣಾಗುತ್ತದೆ. ಆದರೆ ಅವಳನ್ನು ಬರಿಗೈಲಿ ಯುದ್ಧಕ್ಕೆ ಕಳಿಸುವುದಿಲ್ಲ. ಶಿವ ತ್ರಿಶೂಲ ಕೊಡುತ್ತಾನೆ. ವಿಷ್ಣು ಚಕ್ರ ಕೊಡುತ್ತಾನೆ. ವರುಣ ಶಂಖ, ವಾಯು ಬಿಲ್ಲು ಬಾಣ, ಇಂದ್ರ ವಜ್ರ, ಕಾಲ ಕತ್ತಿ ಗುರಾಣಿ, ವಿಶ್ವಕರ್ಮ ಕೊಡಲಿ ಮತ್ತು ಕವಚ. ಹಿಮವಂತ ಸಿಂಹ ಕೊಡುತ್ತಾನೆ. ಅಗ್ನಿ ಕೊಟ್ಟ ಆಯುಧದ ಹೆಸರು ಶಕ್ತಿ. ಇಷ್ಟೆಲ್ಲ ಕೈಸೇರಿದ ಮೇಲೆಯೇ ಅವಳ ಆರ್ಭಟ.

ಇನ್ನೂ ಒಂದು ಸಣ್ಣ ವಿವರ ನೋಡಿ. ಶಿವ ತನ್ನ ಶೂಲವನ್ನೇ ಕಳಚಿ ಕೊಟ್ಟುಬಿಡಲಿಲ್ಲ, ತನ್ನ ಶೂಲದಿಂದ ಇನ್ನೊಂದು ಶೂಲ ತೆಗೆದು ಕೊಟ್ಟ ಎನ್ನುತ್ತದೆ ಪುರಾಣ. ವಿಷ್ಣುವಿನ ಚಕ್ರದ್ದೂ ಅದೇ ಕಥೆ. ಅವಳಿಗೆ ಕೊಟ್ಟಿದ್ದರಿಂದ ಇವರ ಕೈ ಬರಿದಾಗಲಿಲ್ಲ. ಮಗಳನ್ನು ಓದಿಸಿದರೆ ಮಗನ ಓದಿಗೆ ಕಡಿಮೆಯಾಗುತ್ತದೆ, ಸೊಸೆ ಹೊರಗೆ ದುಡಿದರೆ ಮಗನ ಮರ್ಯಾದೆಗೆ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕುವವರು ಆ ಶೂಲದ ಲೆಕ್ಕವನ್ನೂ ಒಮ್ಮೆ ಹಾಕಬೇಕು.

ಹಾಗಾದರೆ ನಮ್ಮ ಊರಿನ ಹುಡುಗಿಗೆ ಯಾವ ಆಯುಧ ಕೊಟ್ಟಿದ್ದೇವೆ?

ಒಂದನ್ನು ಸರ್ಕಾರ ಕೊಟ್ಟಿದೆ, ಅದರ ಹೆಸರೂ ಶಕ್ತಿಯೇ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಟಿಕೆಟ್ ದುಡ್ಡಿಗಾಗಿ ಅಪ್ಪನ ಮುಂದೆ ಕೈಚಾಚಬೇಕಿದ್ದ ಹುಡುಗಿಗೆ ಇದು ಸಣ್ಣ ಆಯುಧವಲ್ಲ. ಆದರೆ ಬಸ್ಸು ಪುಕ್ಕಟೆಯಾದ ಮಾತ್ರಕ್ಕೆ ಬಸ್ಸು ಊರಿಗೆ ಬಂದಂತಲ್ಲ. ಕಾಲೇಜು ಬಿಡುವ ಹೊತ್ತಿಗೆ ಬಸ್ಸಿಲ್ಲದೆ ಕ್ರಾಸಿನಲ್ಲಿ ಇಳಿದು, ಕತ್ತಲಲ್ಲಿ ಎರಡು ಮೂರು ಕಿಲೋಮೀಟರ್ ನಡೆಯುವ ಹುಡುಗಿಯರು ಎಷ್ಟು ಊರಲ್ಲಿದ್ದಾರೆ ಎಂದು ಓದುವ ನಿಮಗೇ ಗೊತ್ತು. ಆ ದಾರಿಯಲ್ಲಿ ಒಂದು ಬೀದಿ ದೀಪ ಹಾಕುವುದು ಪಂಚಾಯಿತಿಯ ಕೈಯಲ್ಲಿರುವ ವಜ್ರಾಯುಧ. ಡಿಪೋಕ್ಕೆ ಹೋಗಿ ಸಂಜೆ ಬಸ್ಸು ಬೇಕು ಎಂದು ಊರಿನ ಹಿರಿಯರು ಅರ್ಜಿ ಕೊಟ್ಟರೆ ಅದೇ ಸಿಂಹ.

ಇನ್ನೊಂದು ಆಯುಧ ಕಾನೂನು. ಪೋಕ್ಸೊ ಕಾಯ್ದೆ 2012ರಿಂದ ಇದೆ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ದೂರು ಕೊಡದಿರುವುದೇ ಆ ಕಾಯ್ದೆಯಡಿ ತಪ್ಪು. ಬಾಲ್ಯ ವಿವಾಹ ತಡೆ ಕಾಯ್ದೆ 2006ರದು. ಕರ್ನಾಟಕ ತನ್ನ 2016ರ ತಿದ್ದುಪಡಿಯಿಂದ ಬಾಲ್ಯ ವಿವಾಹವನ್ನು ಮೊದಲಿಂದಲೇ ಅಸಿಂಧು ಮಾಡಿದೆ. ಅಂದರೆ ಎಷ್ಟೇ ಓಲಗ ಊದಿಸಿ, ಎಷ್ಟೇ ಎಲೆ ಊಟ ಹಾಕಿಸಿ, ಅದು ಮದುವೆಯೇ ಅಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೀಪ್ಯಾಡ್ ಫೋನಿನಿಂದಲೂ ಹೋಗುವ ಈ ನಂಬರುಗಳು ಎಷ್ಟು ಶಾಲೆಗಳ ಗೋಡೆ ಮೇಲೆ ಅಳಿಸದೆ ಉಳಿದಿವೆ? ಆಯುಧ ಇದ್ದರೆ ಸಾಲದು, ಅದು ಇದೆ ಎಂದು ಅವಳಿಗೆ ಗೊತ್ತಿರಬೇಕು.

ಇಷ್ಟಾದರೂ ಒಂದು ಅಸುರ ಉಳಿಯುತ್ತಾನೆ. ಫೋನು ಕೈಯಲ್ಲಿ ಹಿಡಿದು ಇದನ್ನು ಓದುತ್ತಿರುವ ನಿಮಗೂ ನನಗೂ ಹೆಚ್ಚು ಸಂಬಂಧಪಟ್ಟವನು ಇವನೇ. ರಕ್ತಬೀಜ. ಇವನ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಅಲ್ಲೊಬ್ಬ ಹೊಸ ರಕ್ತಬೀಜ ಹುಟ್ಟುತ್ತಾನೆ. ಹೊಡೆದಷ್ಟೂ ಹೆಚ್ಚುತ್ತಾನೆ. ಅವನು ಇಂದು ಎಲ್ಲಿದ್ದಾನೆ ಎಂದು ಕೇಳುತ್ತೀರಾ? ಒಂದು ಹುಡುಗಿಯ ಫೋಟೊ, ಒಂದು ವಿಡಿಯೊ, ಒಂದು ಆಡಿಯೊ. ಯಾರೋ ಒಬ್ಬ ಸೇಡಿಗೆ ಬಿಟ್ಟ. ಅದು ಒಂದು ಗುಂಪಿಗೆ ಬಿತ್ತು. ಅಲ್ಲಿಂದ ಹತ್ತು ಗುಂಪು. ಹತ್ತರಿಂದ ನೂರು. ಪೊಲೀಸರು ಮೊದಲು ಬಿಟ್ಟವನನ್ನು ಹಿಡಿಯಬಹುದು. ಅಷ್ಟೊತ್ತಿಗೆ ಪ್ರತಿ ಫೋನಿನಲ್ಲೂ ಒಬ್ಬೊಬ್ಬ ರಕ್ತಬೀಜ ಎದ್ದು ಕೂತಿರುತ್ತಾನೆ. 'ಪಾಪ, ನೋಡಿ ಏನಾಗಿದೆ' ಎಂದು ಮರುಕಪಟ್ಟು ಕಳಿಸಿದರೂ ಹನಿ ಹನಿಯೇ.

ಪುರಾಣದಲ್ಲಿ ಇವನನ್ನು ಚಂಡಿಕೆ ಒಬ್ಬಳೇ ಮುಗಿಸಲಿಲ್ಲ. ಅವಳು ಹೊಡೆಯುತ್ತಾಳೆ, ಕಾಳಿ ಬಾಯಿ ತೆರೆದು ರಕ್ತ ನೆಲಕ್ಕೆ ಬೀಳುವ ಮೊದಲೇ ಕುಡಿಯುತ್ತಾಳೆ. ಎರಡು ಕೆಲಸ, ಇಬ್ಬರು. ಹೊಡೆಯುವ ಕೆಲಸ ಕಾನೂನಿನದು. ಮಗುವಿನ ಅಶ್ಲೀಲ ಚಿತ್ರ ಹಂಚಿದರೆ ಐಟಿ ಕಾಯ್ದೆಯ 67ಬಿ ಕಲಮಿನಡಿ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು. ಅತ್ಯಾಚಾರಕ್ಕೆ ಒಳಗಾದವರ ಹೆಸರು, ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ 2 ವರ್ಷದವರೆಗೆ. ಹನಿಯನ್ನು ನೆಲಕ್ಕೆ ಬೀಳದಂತೆ ಹಿಡಿಯುವ ಕೆಲಸ ನಮ್ಮದು. ಅದಕ್ಕೆ ಹುಲಿ ಬೇಡ, ವರ ಬೇಡ. ಬಂದದ್ದನ್ನು ಮುಂದೆ ಕಳಿಸದೆ ಅಳಿಸಿದರೆ ಆಯಿತು. ಗುಂಪಿನ ಅಡ್ಮಿನ್ ಆಗಿದ್ದರೆ ಹಾಕಿದವನನ್ನು ಹೊರಗೆ ಹಾಕಿದರೆ ಆಯಿತು. ಅವಳ ಮನೆಯವರು ದೂರು ಕೊಡಲು ಹೊರಟರೆ ಜೊತೆಗೆ ಠಾಣೆಯವರೆಗೆ ಹೋದರೆ ಆಯಿತು.

ಇಲ್ಲಿ ಒಬ್ಬರು ಕೇಳಬಹುದು. ಒನಕೆ ಓಬವ್ವನಿಗೆ ಯಾರು ಆಯುಧ ಕೊಟ್ಟರು? ಮನೆಯ ಒನಕೆ ಹಿಡಿದೇ ಅವಳು ಹೈದರನ ಸೈನಿಕರನ್ನು ಕಿಂಡಿಯಲ್ಲಿ ಹೊಡೆದುರುಳಿಸಲಿಲ್ಲವೇ? ಹೌದು. ದುರ್ಗದ ಕೋಟೆಗೆ ಹೋದವರೆಲ್ಲ ಆ ಕಿಂಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಆದರೆ ಕಥೆಯ ಕೊನೆಯನ್ನೂ ನೆನಪಿಡಿ. ಅವಳೂ ಅಂದೇ ಸತ್ತಳು ಎನ್ನುತ್ತಾರೆ. ಒಬ್ಬಳೇ ಕಾದಾಡಿದವಳನ್ನು ನಾವು ಹಾಡಿ ಹೊಗಳಿದ್ದೇವೆ, ಉಳಿಸಿಕೊಳ್ಳಲಿಲ್ಲ. ನಮ್ಮ ಹೆಣ್ಣುಮಕ್ಕಳೆಲ್ಲ ಓಬವ್ವರಾಗಲಿ ಎಂದು ಹಾರೈಸುವ ಮೊದಲು, ಅವರ ಹಿಂದೆ ನಿಲ್ಲುವವರು ಯಾರು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇಷ್ಟಕ್ಕೆಲ್ಲ ಕಾಮಿಕ್ಸ್ ಯಾಕೆ ಎಂದರೆ, ಕೆಲವು ಮಾತನ್ನು ನಮ್ಮ ಮನೆಗಳಲ್ಲಿ ನೇರವಾಗಿ ಆಡಲು ಆಗುವುದಿಲ್ಲ. ಅಪ್ಪ ಮಗಳ ಮುಂದೆ ಆ ಪದ ಎತ್ತುವುದಿಲ್ಲ, ಮೇಷ್ಟ್ರು ತರಗತಿಯಲ್ಲಿ ಎತ್ತುವುದಿಲ್ಲ. ಮಗುವಿಗೆ ತನಗಾದದ್ದನ್ನು ಹೇಳಲು ಪದವೇ ಗೊತ್ತಿರುವುದಿಲ್ಲ. ಚಿತ್ರಕ್ಕೆ ಆ ಅಡ್ಡಿ ಇಲ್ಲ. ಒಂದು ಚೌಕದಲ್ಲಿ ಹೆದರಿದ ಹುಡುಗಿ, ಇನ್ನೊಂದು ಚೌಕದಲ್ಲಿ ಅವಳ ಮಾತು ನಂಬುವ ಅಮ್ಮ. ಅದನ್ನು ನೋಡಿದ ಮಗು 'ನನಗೂ ಹೀಗೇ' ಎಂದು ಬೆರಳಿಟ್ಟು ತೋರಿಸಬಹುದು. ಒಂದು ಮಗು ಹಾಗೆ ತೋರಿಸಿದರೆ ಸಾಕು, ಪುಸ್ತಕದ ಖರ್ಚು ವಸೂಲಾದಂತೆ.

ಅದಕ್ಕೆ ನನ್ನದೊಂದು ಸಲಹೆ. ಪಂಚಾಯಿತಿ ಲೈಬ್ರರಿಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಇಂಥ ಚಿತ್ರಕಥೆಗಳಿಗೂ ಒಂದು ಸಾಲು ಕೊಡಿ. ಹೊರಗಿನಿಂದ ಬರುವವರೆಗೂ ಕಾಯಬೇಕಿಲ್ಲ. ನಮ್ಮ ಮಕ್ಕಳೇ ಬರೆಯಲಿ. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಕೊಟ್ಟು, ನಿಮ್ಮೂರಿನ ದುಗ್ಗಮ್ಮ ಇವತ್ತು ಗುಡಿಯಿಂದ ಎದ್ದು ಬಂದರೆ ಮೊದಲು ಯಾರ ಜೊತೆ ಯುದ್ಧ ಮಾಡುತ್ತಾಳೆ ಎಂದು ಕೇಳಿ. ಅವರು ಬರೆಯುವ ರಾಕ್ಷಸ ಯಾರು ಎಂದು ನೋಡಲು ದೊಡ್ಡವರಿಗೆ ಸ್ವಲ್ಪ ಎದೆಗಾರಿಕೆ ಬೇಕು. ಬೆಳಗಿನ ಬಸ್ಸಿನಲ್ಲಿ ಮೈಮೇಲೆ ಬೀಳುವವನಿರಬಹುದು. ಬೀಗ ಹಾಕಿದ ಶಾಲೆಯ ಶೌಚಾಲಯವಿರಬಹುದು. ಕುಡಿದು ಬರುವ ಅಪ್ಪನೂ ಇರಬಹುದು.

ಆ ಚಿತ್ರಗಳನ್ನು ಈ ಸಲದ ಮಕ್ಕಳ ಗ್ರಾಮ ಸಭೆಯಲ್ಲಿ ಗೋಡೆಗೆ ಹಚ್ಚಿ. ಪಿಡಿಒ ಸಾಹೇಬರು, ಅಧ್ಯಕ್ಷರು, ಮೇಷ್ಟ್ರು, ಅಂಗನವಾಡಿ ಅಕ್ಕ ಎಲ್ಲ ನಿಂತು ನೋಡಲಿ. ಪ್ರತಿ ಚಿತ್ರದ ಕೆಳಗೆ ಒಂದು ಖಾಲಿ ಸಾಲು ಬಿಟ್ಟು, ಈ ರಾಕ್ಷಸನಿಗೆ ನಾನು ಕೊಡುವ ಆಯುಧ ಇದು ಎಂದು ದೊಡ್ಡವರು ಬರೆದು ರುಜು ಹಾಕಲಿ. ಬೀದಿ ದೀಪ ಎಂದು ಬರೆದವರು ಬೀದಿ ದೀಪ ಹಾಕಿಸಲಿ. ಸಂಜೆ ಬಸ್ಸು ಎಂದು ಬರೆದವರು ಡಿಪೋಕ್ಕೆ ಹೋಗಲಿ. ಮುಂದಿನ ವರ್ಷದ ಸಭೆಗೆ ಅದೇ ಹಾಳೆಗಳನ್ನು ತಂದು ಲೆಕ್ಕ ಕೇಳೋಣ. ಸುದ್ದಿ ಮಾಡಲು ನಾನಂತೂ ಬರುತ್ತೇನೆ.